ಕಳೆಯದೆ ಬಿಟ್ಟ ಅಂಕಗಳು

ನನ್ನ ಗಂಡ ಅರ್ಜಿ ಬರೆಯುವವರಾಗಿದ್ದರು. ದೊಡ್ಡ ಕಚೇರಿಯ ಕಾಂಪೌಂಡ್ ಗೋಡೆಗೆ ಬೆನ್ನು ಕೊಟ್ಟು, ಒಂದು ಮಡಚುವ ಮೇಜು ಎರಡು ಸ್ಟೂಲು ಹಾಕಿಕೊಂಡು ಇಪ್ಪತ್ತೆರಡು ವರ್ಷ ಕೂತರು. ಒಂದು ಸ್ಟೂಲು ಅವರಿಗೆ, ಇನ್ನೊಂದು ಬಂದವರಿಗೆ. ಅದಕ್ಕೆ ಮೊದಲು ಅದೇ ಕಚೇರಿಯ ಒಳಗೆ ದಿನಗೂಲಿಗೆ ಕಡತ ಹೊರುತ್ತಿದ್ದರು. ಅವರು ಹೋಗಿ ಏಳು ತಿಂಗಳಾಯಿತು. ಅವರ ಬಗ್ಗೆ ಒಳ್ಳೆಯ ಮಾತು ಆಡುವವರು ಬೇಕಾದಷ್ಟು ಜನ ಇದ್ದಾರೆ. ಎಲ್ಲವೂ ನಿಜ. ಆದರೆ ನಾನು ಮಾಡಿದ್ದು ಅವರಲ್ಲಿ ಯಾರಿಗೂ ಗೊತ್ತಿಲ್ಲ.

ಪಿಂಚಣಿ, ಜನನ ದಾಖಲೆ, ಮನೆ ಕಂದಾಯ, ನಲ್ಲಿ ಸಂಪರ್ಕ, ಹೆಸರು ತಿದ್ದುಪಡಿ, ಯಾವ ಅರ್ಜಿಯಾದರೂ ಸರಿ, ಅವರ ಕೈಯಿಂದ ಹೋದದ್ದು ವಾಪಸು ಬರುವುದಿಲ್ಲ ಎಂಬ ಮಾತಿತ್ತು. ಕಾರಣ ಒಂದೇ. ಅವರು ಯಾವ ಕಾಲಮ್ಮನ್ನೂ ಖಾಲಿ ಬಿಡುತ್ತಿರಲಿಲ್ಲ. ಉತ್ತರ ಇದ್ದರೆ ಉತ್ತರ. ಇಲ್ಲದಿದ್ದರೆ ‘ಅನ್ವಯಿಸುವುದಿಲ್ಲ’. ಅದಕ್ಕೂ ಜಾಗ ಸಾಲದಿದ್ದರೆ ಒಂದು ಗೆರೆ. ಒಬ್ಬ ಅಜ್ಜಿಯ ಪಿಂಚಣಿ ಅರ್ಜಿಯನ್ನು ಬೇರೆ ಯಾರೋ ಬರೆದುಕೊಟ್ಟು, ‘ಹಿಂದಿನ ವಿಳಾಸ’ ಎಂಬಲ್ಲಿ ಏನೂ ಬರೆಯದೆ ಬಿಟ್ಟಿದ್ದರು. ಅಜ್ಜಿ ಹುಟ್ಟಿದ ಮನೆಯಲ್ಲೇ ಮುದುಕಿಯಾದವಳು, ಹಿಂದಿನ ವಿಳಾಸ ಎಲ್ಲಿಂದ ತರಬೇಕು. ಮೂರನೇ ಕಿಟಕಿಯ ಗುಮಾಸ್ತರು ಅದನ್ನು ಮೂರು ಸಲ ಎಸೆದರು. ಎಂಟು ತಿಂಗಳು ಓಡಾಡಿ ಚಪ್ಪಲಿ ಸವೆದ ಮೇಲೆ ಅಜ್ಜಿ ಇವರ ಸ್ಟೂಲಿನ ಮೇಲೆ ಬಂದು ಕೂತಳು. ಇವರು ಆ ಜಾಗದಲ್ಲಿ ‘ಇದೇ ವಿಳಾಸ’ ಎಂದು ಎರಡು ಪದ ಬರೆದರು. ಹದಿನೈದು ದಿನದಲ್ಲಿ ಮಂಜೂರಾಯಿತು. ಆಗಿನಿಂದ ಜನ ಅವರನ್ನು ಕಾಲಂ ಮೇಷ್ಟ್ರು ಎಂದು ಕರೆಯತೊಡಗಿದರು. ನಮ್ಮ ಮನೆ ಹುಡುಕಿಕೊಂಡು ಬರುವವರೂ ಅದೇ ಹೆಸರು ಹೇಳುತ್ತಿದ್ದರು.

ಅವರದು ಇನ್ನೊಂದು ಪದ್ಧತಿ ಇತ್ತು. ಬರೆದವರೇ ತಿದ್ದಬಾರದು. ಅರ್ಜಿ ಮುಗಿದ ಮೇಲೆ ಬಂದವರ ಕೈಗೆ ಕೊಟ್ಟು ಓದಿಸುತ್ತಿದ್ದರು. ಅವರಿಗೆ ಓದು ಬಾರದಿದ್ದರೆ ರಸ್ತೆಯಲ್ಲಿ ಹೋಗುವವರನ್ನು ಕರೆದು ಓದಿಸುತ್ತಿದ್ದರು. ಬರೆದವನ ಕಣ್ಣಿಗೆ ತಾನು ಬರೆಯಬೇಕು ಅಂದುಕೊಂಡದ್ದೇ ಕಾಣುತ್ತದೆ, ಬರೆದದ್ದು ಕಾಣುವುದಿಲ್ಲ ಎನ್ನುತ್ತಿದ್ದರು.

ನಾನು ಏಳನೇ ತರಗತಿ ಓದಿದವಳು. ಟೈಲರ್ ಅಂಗಡಿಗಳಿಂದ ಅಂಗಿ ತಂದು ಕಾಜಾ ಹೊಲಿದು, ಗುಂಡಿ ಹಾಕಿ ಕೊಡುತ್ತೇನೆ. ಈಗಲೂ ಅದೇ ಕೆಲಸ. ನಮ್ಮದು ಪುಸ್ತಕ ಬೈಂಡಿಂಗ್ ಅಂಗಡಿಯ ಮೇಲಿನ ಎರಡು ಕೋಣೆ. ಕೆಳಗಿನಿಂದ ಗೋಂದಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತದೆ. ಒಬ್ಬಳೇ ಮಗಳು. ನಾನು ಹೇಳುವ ಕಾಲದಲ್ಲಿ ಅವಳಿಗೆ ಎಂಟು ವರ್ಷ.

ಇವರು ಅಂಚೆ ಮೂಲಕ ಪದವಿ ಓದಿದ್ದರು. ಮೂರು ವರ್ಷದ ಪದವಿಗೆ ಒಂಬತ್ತು ವರ್ಷ ಹಿಡಿಯಿತು. ಮುಗಿದಾಗ ವಯಸ್ಸು ಮೂವತ್ತೊಂಬತ್ತು. ಆ ವರ್ಷ ನಾಗರಿಕ ಸೇವೆಯ ಪರೀಕ್ಷೆ ಕರೆದರು. ನಲವತ್ತರ ಒಳಗಿನವರು ಬರೆಯಬಹುದಿತ್ತು. ಮೊದಲು ಸಾಮರ್ಥ್ಯ ಪರೀಕ್ಷೆ ಎಂದು ಒಂದು ಪತ್ರಿಕೆ. ಅದರಲ್ಲಿ ಗೆದ್ದವರು ಮಾತ್ರ ಮುಂದಕ್ಕೆ. ಆ ಅರ್ಜಿಯನ್ನು ಇವರು ಆ ತಿಂಗಳು ನೂರಾರು ಹುಡುಗ ಹುಡುಗಿಯರಿಗೆ ತುಂಬಿಕೊಟ್ಟರು. ಕೊನೆಯ ದಿನಕ್ಕೆ ಎರಡು ದಿನ ಇರುವಾಗ ಒಂದು ಅರ್ಜಿಯನ್ನು ಮನೆಗೆ ತಂದು ನನ್ನ ಮುಂದೆ ಇಟ್ಟರು. ಅದರಲ್ಲಿ ಇದ್ದದ್ದು ಅವರದೇ ಹೆಸರು, ಅವರದೇ ಫೋಟೋ.

“ತಪ್ಪಿದೆಯಾ ನೋಡು” ಅಂದರು.

ನಾನು ಓದಿದೆ. ತಪ್ಪಿರಲಿಲ್ಲ. ಯಾಕೆ ಈಗ ಎಂದು ಕೇಳಿದೆ. ಮೂರನೇ ಕಿಟಕಿಯ ಈ ಕಡೆ ಹತ್ತು ವರ್ಷ ನಿಂತಿದ್ದೇನೆ, ಒಂದು ಸಲ ಆ ಕಡೆ ಕೂತು ನೋಡಬೇಕು ಅಂದರು. ನನಗೆ ಅರ್ಥವಾಯಿತು. ವರ್ಷಕ್ಕೊಂದು ಸಲ ಕರೆಯುವ ಪರೀಕ್ಷೆ, ಮುಂದಿನ ಸಲಕ್ಕೆ ಇವರಿಗೆ ವಯಸ್ಸು ಮೀರುತ್ತಿತ್ತು. ಇದ್ದದ್ದು ಅದೊಂದೇ ಅವಕಾಶ.

ಕೆಳಗಿನ ಬೈಂಡಿಂಗ್ ಅಂಗಡಿಯವರಿಗೆ ವಿಷಯ ಗೊತ್ತಾಗಲು ಒಂದು ದಿನವೂ ಬೇಕಾಗಲಿಲ್ಲ. ಮೆಟ್ಟಿಲ ಹತ್ತಿರ ಇವರನ್ನು ಹಿಡಿದು, ಮೇಷ್ಟ್ರೇ, ಆಫೀಸರಾದ ಮೇಲೆ ನಮ್ಮ ಅರ್ಜಿಗೆ ಸಹಿ ಹಾಕ್ತೀರೋ, ಕಾಲಂ ಖಾಲಿ ಇದೆ ಅಂತ ಮುಖಕ್ಕೆ ಎಸೀತೀರೋ ಎಂದು ಕೆಣಕಿದರು. ಖಾಲಿ ಇದ್ದರೆ ನಾನೇ ತುಂಬಿ ಸಹಿ ಹಾಕುತ್ತೇನೆ ಎಂದರು ಇವರು. ತಮಾಷೆಗೆ ಅಂದದ್ದಲ್ಲ.

ಪರೀಕ್ಷೆಗೆ ಐದು ತಿಂಗಳಿತ್ತು. ಇವರ ಹತ್ತಿರ ಅರ್ಜಿ ತುಂಬಿಸಿಕೊಂಡ ಒಬ್ಬ ಹುಡುಗಿ ಕೋಚಿಂಗ್‌ಗೆ ಹೋಗುತ್ತಿದ್ದಳು. ಅವಳು ತನ್ನ ಹಳೆಯ ಪುಸ್ತಕ ಒಂದನ್ನು ಕೊಟ್ಟಳು. ಇಪ್ಪತ್ತು ಮಾದರಿ ಪತ್ರಿಕೆಗಳು, ಕೊನೆಯಲ್ಲಿ ಉತ್ತರಗಳು. ಒಂದೊಂದು ಪತ್ರಿಕೆಗೆ ನೂರು ಪ್ರಶ್ನೆ, ಎರಡು ಗಂಟೆ. ಪ್ರತಿ ಪ್ರಶ್ನೆಗೆ ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಸರಿಯಾದದ್ದರ ಮನೆಯನ್ನು ಪೆನ್ನಿನಿಂದ ತುಂಬಬೇಕು. ಸರಿಗೆ ಒಂದು ಅಂಕ. ಎರಡು ತಪ್ಪಾದರೆ ಒಂದು ಅಂಕ ಕಳೆಯುತ್ತಾರೆ. ಬಿಟ್ಟರೆ ಏನೂ ಇಲ್ಲ, ಬರುವುದೂ ಇಲ್ಲ ಹೋಗುವುದೂ ಇಲ್ಲ. ಇದನ್ನು ಇವರೇ ನನಗೆ ಓದಿ ಹೇಳಿದರು. ಆದ್ದರಿಂದ ನಿಯಮ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ. ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಪುಸ್ತಕದ ಕೊನೆಯ ಉತ್ತರದ ಹಾಳೆಗಳನ್ನು ಅವರು ನಾಜೂಕಾಗಿ ಕತ್ತರಿಸಿ ನನ್ನ ಕೈಗೆ ಕೊಟ್ಟರು. ಬರೆದವನು ತಿದ್ದಬಾರದು, ನೀನು ತಿದ್ದು, ಕಳೆಯುವುದನ್ನು ಕಳೆದು ಎಷ್ಟು ಬಂತು ಅಂತ ಮಾತ್ರ ಹೇಳು ಅಂದರು. ನಾನು ಆ ಹಾಳೆಗಳನ್ನು ಗುಂಡಿಯ ಡಬ್ಬಿಯಲ್ಲಿ ಇಟ್ಟೆ.

ದಿನಾ ಬೆಳಿಗ್ಗೆ ಐದರಿಂದ ಏಳರವರೆಗೆ ಓದು. ನಾನು ಪಕ್ಕದಲ್ಲಿ ಕಾಜಾ ಹೊಲಿಯುತ್ತಿದ್ದೆ. ಸಂಖ್ಯೆಗಳ ಸಾಲು ಕೊಟ್ಟು ಮುಂದಿನದು ಯಾವುದು ಎಂದು ಕೇಳುವುದು, ಪೂರ್ವಕ್ಕೆ ಹೋಗಿ ಬಲಕ್ಕೆ ತಿರುಗಿ ಎಡಕ್ಕೆ ತಿರುಗಿದರೆ ಮುಖ ಯಾವ ಕಡೆಗೆ ಎಂದು ಕೇಳುವುದು, ಹೀಗೆ. ದಿಕ್ಕಿನ ಪ್ರಶ್ನೆ ಬಂದರೆ ಇವರು ಎದ್ದು ನಿಂತು ಕೋಣೆಯಲ್ಲಿ ತಿರುಗುತ್ತಿದ್ದರು. ಮಗಳು ಹಾಸಿಗೆಯಲ್ಲೇ ಕೂತು ನಗುತ್ತಿದ್ದಳು. ಪರೀಕ್ಷೆಯಲ್ಲಿ ಎದ್ದು ತಿರುಗಿದರೆ ಹೊರಗೆ ಹಾಕುತ್ತಾರೆ ಎಂದು ನಾನು ಹೇಳುತ್ತಿದ್ದೆ. ಸಂಬಂಧದ ಪ್ರಶ್ನೆಗಳು ಮಾತ್ರ ನನಗೆ ಸಲೀಸು. ಒಬ್ಬ ಹೆಂಗಸಿನ ಅತ್ತೆಗೆ ಒಬ್ಬನೇ ಮಗ, ಆ ಮಗನ ಹೆಂಡತಿ ಈ ಹೆಂಗಸಿಗೆ ಏನಾಗಬೇಕು ಎಂದು ಇವರು ಹಾಳೆಯ ತುಂಬ ಗೆರೆ ಎಳೆದು ಕೂತಿದ್ದರು.

“ಅವಳೇ ರೀ. ಇನ್ಯಾರು” ಅಂದೆ.

ಅವರು ಹಾಳೆ ನೋಡಿದರು, ನನ್ನ ನೋಡಿದರು. “ಪರೀಕ್ಷೆಗೆ ನೀನೇ ಹೋಗು” ಅಂದರು. ಆ ದಿನಗಳಲ್ಲಿ ನಾವು ಚೆನ್ನಾಗಿದ್ದೆವು.

ಭಾನುವಾರ ಬೆಳಿಗ್ಗೆ ಒಂದು ಇಡೀ ಪತ್ರಿಕೆ. ಅಲಾರಂ ಗಡಿಯಾರ ಇಟ್ಟು ಶುರು ಮಾಡಿ ಎಂದು ನಾನು ಹೇಳಬೇಕು, ನಿಲ್ಲಿಸಿ ಎಂದೂ ನಾನೇ ಹೇಳಬೇಕು. ಮೊದಲ ಭಾನುವಾರ ಅವರು ನೂರಕ್ಕೆ ನೂರೂ ತುಂಬಿ ಕೊಟ್ಟರು. ನಾನು ಅಡುಗೆಮನೆಯಲ್ಲಿ ಕೂತು ತಿದ್ದಿದೆ. ಸರಿ ನಲವತ್ತಾರು, ತಪ್ಪು ಐವತ್ತನಾಲ್ಕು. ಐವತ್ತನಾಲ್ಕರ ಅರ್ಧ ಇಪ್ಪತ್ತೇಳು. ನಲವತ್ತಾರರಲ್ಲಿ ಇಪ್ಪತ್ತೇಳು ಹೋಯಿತು. ಹೊರಗೆ ಬಂದು ಹತ್ತೊಂಬತ್ತು ಎಂದೆ.

“ಕಳೆದ ಮೇಲಾ?”

“ಕಳೆದ ಮೇಲೆ.”

ಅವರು ಪೆನ್ನಿಗೆ ಮುಚ್ಚಳ ಹಾಕಿದರು. ಪುಸ್ತಕವನ್ನು ಬೀರುವಿನ ಮೇಲೆ ಇಟ್ಟರು. ನಾಲ್ಕು ದಿನ ಅದನ್ನು ಮುಟ್ಟಲಿಲ್ಲ. ಬೆಳಿಗ್ಗೆ ಐದಕ್ಕೆ ಎಚ್ಚರವಾದರೂ ಗೋಡೆ ಕಡೆ ತಿರುಗಿ ಮಲಗಿರುತ್ತಿದ್ದರು. ಊಟಕ್ಕೆ ಕರೆದರೆ ಬಂದು ಕೂತು, ಕಲಸಿದ್ದನ್ನು ಅರ್ಧಕ್ಕೆ ಬಿಟ್ಟು ಏಳುತ್ತಿದ್ದರು. ಐದನೇ ದಿನ ನಾನೇ ಪುಸ್ತಕ ಇಳಿಸಿ ಚಾಪೆಯ ಮೇಲೆ ಇಟ್ಟೆ. ಯಾರಿಗಾದರೂ ಮೊದಲ ಸಲ ಅಷ್ಟೇ ಬರುವುದು, ಹಲ್ಲು ಕಚ್ಚಿ ಇನ್ನೊಂದು ಬರೆಯಿರಿ ಎಂದೆ. ಬರೆದರು.

ಎರಡನೇ ಸಲ ಐವತ್ತು ಸರಿ, ಐವತ್ತು ತಪ್ಪು. ಇಪ್ಪತ್ತೈದು ಎಂದು ಹೇಳಬೇಕಿತ್ತು. ಅವರು ಬಾಗಿಲಲ್ಲಿ ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಮೂವತ್ತೈದು ಎಂದೆ.

ಹತ್ತು ಅಂಕ ನಾನು ಕೊಟ್ಟದ್ದು. ಅವರ ಮುಖ ಅರಳಿತು. ಮಧ್ಯಾಹ್ನ ಎರಡು ಸಲ ಅನ್ನ ಹಾಕಿಸಿಕೊಂಡರು. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀದಿ ತುದಿಯವರೆಗೆ ಹೋಗಿ ಬಂದರು. ಒಂದೆರಡು ವಾರ ಹೀಗೆ ಹೇಳೋಣ, ಅಷ್ಟರಲ್ಲಿ ನಿಜವಾಗಿ ಬರತೊಡಗುತ್ತದೆ, ಆಗ ಸರಿಹೋಗುತ್ತದೆ ಅಂದುಕೊಂಡೆ. ಮೂರನೇ ಸಲ ನಲವತ್ತೆರಡು ಎಂದೆ. ಐದನೇ ಭಾನುವಾರದ ಹೊತ್ತಿಗೆ ಕಳೆಯುವುದನ್ನೇ ಬಿಟ್ಟೆ. ಸರಿಯಾದದ್ದನ್ನು ಎಣಿಸಿ ಅದನ್ನೇ ಹೇಳುತ್ತಿದ್ದೆ. ಐವತ್ತೈದು. ಐವತ್ತೆಂಟು. ಅರವತ್ತು.

ಅವರ ಮೇಲಿನ ಪ್ರೀತಿಯಿಂದ ಮಾಡಿದೆ ಎಂದು ಹೇಳಿದರೆ ಅರ್ಧ ಸುಳ್ಳಾಗುತ್ತದೆ. ಮನೆಯಲ್ಲಿ ಆ ಗೋಡೆ ಕಡೆ ತಿರುಗಿದ ಬೆನ್ನು ನನಗೆ ಬೇಡವಾಗಿತ್ತು. ಮತ್ತೆ, ನನ್ನ ಒಂದು ಮಾತಿಗೆ ಅಷ್ಟು ಓದಿದ ಗಂಡಸಿನ ಮುಖ ಹೊಳೆಯುತ್ತದಲ್ಲ, ಅದು ನನಗೆ ಹಿಡಿಸಿತ್ತು.

ಅವರು ಹಾಳೆ ತೆಗೆದುಕೊಂಡು ತಾವೇ ಎಣಿಸಿದ್ದರೆ ಸಿಕ್ಕಿಬೀಳುತ್ತಿದ್ದೆ. ಅವರು ಎಣಿಸಲಿಲ್ಲ. ತಿದ್ದುವವರ ಕೆಲಸದಲ್ಲಿ ಬರೆದವರು ಮೂಗು ತೂರಿಸಬಾರದು ಎಂಬುದು ಅವರ ಪದ್ಧತಿ. ತಪ್ಪಾದವುಗಳಲ್ಲಿ ಹತ್ತನ್ನು ಆರಿಸಿ ನಂಬರು ಬರೆದುಕೊಡುತ್ತಿದ್ದೆ, ಇವನ್ನು ಕಲಿಯಿರಿ ಎಂದು. ವಾರವೆಲ್ಲ ಆ ಹತ್ತನ್ನು ಅರೆದು ಕುಡಿಯುತ್ತಿದ್ದರು. ಕಲಿಯಲಿಲ್ಲ ಎಂದಲ್ಲ. ಕಲಿತರು. ಗೊತ್ತಿದ್ದ ಪ್ರಶ್ನೆಯಲ್ಲಿ ಅವರ ಕೈ ತಪ್ಪುವುದು ಅಪರೂಪವಾಯಿತು. ಆದರೆ ಗೊತ್ತಿಲ್ಲದ್ದನ್ನು ಬಿಡಲು ಮಾತ್ರ ಕಲಿಯಲಿಲ್ಲ. ಖಾಲಿ ಮನೆ ಕಂಡರೆ ಅವರ ಕೈ ತಾನಾಗಿ ಹೋಗುತ್ತಿತ್ತು. ಎಲ್ಲವನ್ನೂ ತುಂಬಿದರೂ ಅಂಕ ಏರುತ್ತಲೇ ಇದೆ ಎಂದು ನಾನೇ ಹೇಳುತ್ತಿರುವಾಗ ಅವರು ಯಾಕೆ ಬಿಡಬೇಕು?

ಪರೀಕ್ಷೆಗೆ ಒಂದು ತಿಂಗಳಿರುವಾಗ ಒಂದು ಮಧ್ಯಾಹ್ನ ಊಟದ ಡಬ್ಬಿ ಕೊಡಲು ಅವರ ಮೇಜಿನ ಹತ್ತಿರ ಹೋದೆ. ಆ ಕೋಚಿಂಗ್ ಹುಡುಗಿ ಸ್ಟೂಲಿನ ಮೇಲೆ ಕೂತಿದ್ದಳು. ಇಬ್ಬರೂ ಅಂಕದ ಮಾತಾಡುತ್ತಿದ್ದರು. ಹೋದ ವಾರ ಇಪ್ಪತ್ತೆಂಟು ಪ್ರಶ್ನೆ ಬಿಟ್ಟೆ, ಐವತ್ತೆರಡೂವರೆ ಬಂತು ಎಂದಳು. ಇವರು ನಕ್ಕರು.

“ಇಪ್ಪತ್ತೆಂಟು ಖಾಲಿನಾ? ಅರ್ಜಿ ಆಗಿದ್ರೆ ವಾಪಸ್ ಬರ್ತಿತ್ತು.”

“ಇದು ಅರ್ಜಿ ಅಲ್ಲ ಅಂಕಲ್. ಗೊತ್ತಿಲ್ಲದ್ದು ಮುಟ್ಟಬಾರ್ದು. ನಮ್ಮ ಸರ್ ಅದನ್ನೇ ತಲೆ ಮೇಲೆ ಹೊಡೆದು ಹೇಳ್ತಾರೆ.”

ತಾನು ಎಲ್ಲವನ್ನೂ ತುಂಬುತ್ತೇನೆ, ಕಳೆದ ಮೇಲೂ ಅರವತ್ತು ಬರುತ್ತಿದೆ ಎಂದರು ಇವರು. ಹುಡುಗಿ ತಿದ್ದುವುದು ಯಾರು ಎಂದು ಕೇಳಿದಳು. ಇವರು ನನ್ನ ಕಡೆ ಕೈ ತೋರಿಸಿದರು. ಆ ತೋರಿಸಿದ್ದರಲ್ಲಿ ಒಂದು ಹೆಮ್ಮೆ ಇತ್ತು.

“ಎರಡು ತಪ್ಪಿಗೆ ಒಂದು ಕಳೀತೀರಾ ಆಂಟಿ?” ಅಂದಳು. ಕುತ್ತಿಗೆ ಮೇಲೆತ್ತಿ ನನ್ನನ್ನೇ ನೋಡುತ್ತಿದ್ದಳು.

“ಕಳೀತೀನಿ” ಅಂದೆ.

ಹಾಗಾದರೆ ನೀವು ನಮ್ಮ ಸರ್‌ಗಿಂತ ಬುದ್ಧಿವಂತರು ಬಿಡಿ ಅಂಕಲ್ ಎಂದು ಅವಳು ಎದ್ದು ಹೋದಳು. ಅವಳಿಗೆ ಅನುಮಾನ ಬಂದಿತ್ತು. ಹಿರಿಯರ ಮುಂದೆ ಆಡಲಿಲ್ಲ. ನಾನು ಡಬ್ಬಿಯ ಮುಚ್ಚಳ ತೆಗೆದುಕೊಟ್ಟು ಬಂದೆ. ದಾರಿಯುದ್ದಕ್ಕೂ ಈವತ್ತೇ ಹೇಳಬೇಕು, ಈವತ್ತೇ ಹೇಳಬೇಕು ಎಂದುಕೊಂಡು ಬಂದೆ. ಆದರೆ ಹೇಗೆ ಹೇಳುವುದು? ಹೋದ ವಾರದ ಅರವತ್ತು ನಿಜವಾಗಿ ನಲವತ್ತು. ನಿಮಗೆ ಇಷ್ಟು ದಿನ ಮಗುವಿಗೆ ಹೇಳುವ ಹಾಗೆ ಹೇಳಿದೆ ಎನ್ನಬೇಕಿತ್ತು. ಸಂಜೆ ಅವರು ಮೆಟ್ಟಿಲು ಹತ್ತುವಾಗಲೇ ಏನೋ ಗುನುಗುತ್ತಿದ್ದರು. ನಾನು ಹೇಳದೆ ಊಟಕ್ಕೆ ತಟ್ಟೆ ಹಾಕಿದೆ.

ಪರೀಕ್ಷೆ ಒಂದು ಶಾಲೆಯಲ್ಲಿತ್ತು. ನಾನೂ ಜೊತೆಗೆ ಹೋದೆ. ಗೇಟಿನ ಕಾವಲುಗಾರ ಇವರ ಎದೆಗೆ ಕೈ ಅಡ್ಡ ಇಟ್ಟು, ಪೋಷಕರು ಹೊರಗೇ ಇರಬೇಕು ಅಂದ. ಇವರು ಪ್ರವೇಶ ಪತ್ರ ತೋರಿಸಿದರು. ಅವನು ಫೋಟೋ ನೋಡಿ, ಮುಖ ನೋಡಿ, ಹೋಗಿ ಸಾರ್ ಎಂದು ದಾರಿ ಬಿಟ್ಟ. ಹಿಂದೆ ನಿಂತಿದ್ದ ಹುಡುಗರು ನಕ್ಕರು. ಇವರೂ ನಕ್ಕರು. ಒಳಗೆ ಕಾಲಿಡುವ ಮೊದಲು ನಾನು ಅವರ ತೋಳು ಹಿಡಿದೆ.

“ರೀ, ಗೊತ್ತಿಲ್ಲದ್ದು ಬಿಟ್ಟುಬಿಡಿ.”

“ಗೇಟಲ್ಲಿ ನಿಂತು ಹೊಸ ಪಾಠ ಹೇಳ್ಬೇಡ” ಅಂದರು. ಕೋಪದಿಂದಲ್ಲ. ನನ್ನ ಕೈಯನ್ನು ತೋಳಿನಿಂದ ಮೆಲ್ಲಗೆ ಬಿಡಿಸಿ ಹೋದರು.

ಎರಡು ಗಂಟೆ ನಾನು ಬೇರೆ ತಾಯಂದಿರ ನಡುವೆ ಕಾಂಪೌಂಡಿನ ನೆರಳಲ್ಲಿ ಕೂತೆ. ಅವರೆಲ್ಲ ಮಕ್ಕಳಿಗಾಗಿ ಕೂತವರು. ಒಬ್ಬಳು ನಿಮ್ಮದು ಮಗನೋ ಮಗಳೋ ಎಂದು ಕೇಳಿದಳು. ಯಜಮಾನರು ಎಂದೆ. ಅವಳು ಗೇಟಿನ ಕಡೆ ತಿರುಗಿ ಕೂತಳು. ಇವರು ಹೊರಗೆ ಬಂದಾಗ ಬೆರಳಲ್ಲಿ ಶಾಯಿ ಮೆತ್ತಿಕೊಂಡಿತ್ತು. ಒಂದೂ ಖಾಲಿ ಬಿಟ್ಟಿಲ್ಲ ಎಂದರು.

ಫಲಿತಾಂಶದ ಕಾಗದ ಮೂರು ತಿಂಗಳಿಗೆ ಬಂತು. ಸರಿ ಅರವತ್ತಮೂರು. ತಪ್ಪು ಮೂವತ್ತೇಳು. ಖಾಲಿ ಸೊನ್ನೆ. ಬಂದ ಅಂಕ ನಲವತ್ತನಾಲ್ಕೂವರೆ. ಬೇಕಾದದ್ದು ನಲವತ್ತೆಂಟು.

ಅವರು ಅದನ್ನು ಮೇಜಿನ ಮೇಲೆ ಇಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ತಲೆ ಎತ್ತದೆ ಕೇಳಿದರು.

“ನೀನು ಕಳೀತಿದ್ದೆ ತಾನೇ?”

ಆಗ ಬೇರೆ ಯಾರೂ ಇರಲಿಲ್ಲ. ಕೋಪ ಮಾಡಿಕೊಂಡರೂ ನಾಲ್ಕು ದಿನ, ಎಂಟು ದಿನ. ನಾನು ಹೊಲಿಯುತ್ತಿದ್ದ ಅಂಗಿಯಿಂದ ಕಣ್ಣು ತೆಗೆಯಲಿಲ್ಲ.

“ಕಳೀತಿದ್ದೆ.”

“ಹಾಗಾದ್ರೆ ಹೆದರಿದ್ದೀನಿ” ಅಂದರು. “ಅಲ್ಲಿ ಕೂತಾಗ ಹೆದರಿದ್ದೀನಿ. ನಂಗೇ ಗೊತ್ತಾಗಿಲ್ಲ.”

ಅದನ್ನು ಅವರು ಅಷ್ಟಕ್ಕೇ ಬಿಡಲಿಲ್ಲ, ನಂಬಿಬಿಟ್ಟರು. ಮನೆಯಲ್ಲಿ ಕೂತರೆ ಅರವತ್ತು, ಜನರ ನಡುವೆ ಕೂತರೆ ನಲವತ್ತನಾಲ್ಕು. ತಲೆ ಇದೆ, ಧೈರ್ಯ ಇಲ್ಲ. ಇದು ಅವರ ತೀರ್ಮಾನ. ಹುಷಾರಾಗಿ ಯೋಚಿಸುವ ಮನುಷ್ಯ, ಆದರೆ ಯೋಚಿಸಲು ನಾನು ಕೊಟ್ಟ ಲೆಕ್ಕವೇ ಸುಳ್ಳು. ಆ ಹುಡುಗಿ ಗೆದ್ದಳು, ಕೆಲಸ ಸಿಕ್ಕಿ ಬೇರೆ ಊರಿಗೆ ಹೋದಳು. ಹೋಗುವ ಮೊದಲು ಹೇಳಿ ಹೋಗಲು ಮನೆಗೆ ಬಂದಿದ್ದಳು. ಇವರು ಸಂತೋಷಪಟ್ಟರು. ನಾನು ಚಹಾ ಕೊಟ್ಟು ಒಳಗೇ ಇದ್ದೆ.

ಎರಡು ವರ್ಷದ ಮೇಲೆ ಒಂದು ಸಹಕಾರ ಸಂಘದಲ್ಲಿ ಗುಮಾಸ್ತರ ಕೆಲಸ ಖಾಲಿಯಾಯಿತು. ಸಂಘದ ಕಾರ್ಯದರ್ಶಿ ತಾವಾಗಿ ಬಂದು, ನೀವು ಬನ್ನಿ ಮೇಷ್ಟ್ರೇ, ಹೆಸರಿಗೆ ಒಂದು ಗಂಟೆಯ ಬರವಣಿಗೆ ಪರೀಕ್ಷೆ ಇರುತ್ತದೆ ಅಷ್ಟೇ ಎಂದರು. ಇವರು ಅರ್ಜಿ ತುಂಬಿದರು. ಎಲ್ಲ ಕಾಲಮ್ಮು ತುಂಬಿದರು. ಆದರೆ ಕೊಡಲಿಲ್ಲ. ಕೇಳಿದರೆ, ಪರೀಕ್ಷೆ ಇದೆಯಲ್ಲ ಎಂದರು. ಮಗಳ ಶಾಲೆಯಲ್ಲಿ ಪೋಷಕರ ಪರವಾಗಿ ನಾಲ್ಕು ಮಾತಾಡಿ ಎಂದರೆ ಆಗುವುದಿಲ್ಲ ಎಂದರು. ಕಚೇರಿಗೆ ದೊಡ್ಡ ಅಧಿಕಾರಿ ಬಂದು ಅರ್ಜಿ ಬರೆಯುವವರ ಕಷ್ಟ ಏನು ಎಂದು ಕೇಳಿದ ದಿನ, ಉಳಿದವರೆಲ್ಲ ಇವರನ್ನು ಮುಂದೆ ತಳ್ಳಿದರು. ಇವರು ಹಿಂದೆ ಸರಿದು ನಿಂತರು. ಅರ್ಜಿಯ ಕೆಲಸ ಮಾತ್ರ ಮೊದಲಿನ ಹಾಗೆಯೇ. ಬಂದವರು ಎದ್ದು ಹೋದ ಮೇಲೆ ಸುಮ್ಮನೆ ರಸ್ತೆ ನೋಡುತ್ತ ಕೂರುತ್ತಿದ್ದರು.

ಇದೆಲ್ಲ ನನ್ನ ಕಣ್ಣೆದುರೇ ನಡೆಯಿತು. ಪ್ರತಿ ಸಲವೂ ಈಗ ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ ಎಂಬ ಹೆದರಿಕೆ. ವರ್ಷ ಕಳೆದ ಹಾಗೆ ಆ ಪ್ರಶ್ನೆ ದೊಡ್ಡದಾಗುತ್ತ ಹೋಯಿತು. ಹೆದರಿದವಳು ನಾನು. ಹೆಸರು ಅವರಿಗೆ ಬಂತು.

ಹೋದ ವರ್ಷ ಅವರ ಶ್ವಾಸಕೋಶಕ್ಕೆ ಕಾಯಿಲೆ ಬಂತು. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದರು. ಕಿಟಕಿಯ ಹತ್ತಿರ ಮಂಚ ಹಾಕಿದೆವು. ಮಗಳಿಗೆ ಆಗ ಹತ್ತೊಂಬತ್ತು. ಬ್ಯಾಂಕಿನ ಪರೀಕ್ಷೆಯ ಅರ್ಜಿಯೊಂದನ್ನು ತಂದು ಅಪ್ಪನ ಮುಂದೆ ಹಿಡಿದಳು. ಅವಳಿಗೆ ಅಪ್ಪ ನೋಡಿಕೊಟ್ಟರೇನೇ ಸಮಾಧಾನ. ಅವರು ನೋಡಲಿಲ್ಲ. ಬೇಡ ಪುಟ್ಟಿ, ನಾಲ್ಕು ಜನರ ನಡುವೆ ಕೂತು ಬರೆಯುವುದು ನಮ್ಮ ರಕ್ತದಲ್ಲಿಲ್ಲ, ನನ್ನ ಹಾಗೆ ಆಗುತ್ತದೆ ನಿನಗೂ ಎಂದರು. ಮಾತಿನ ನಡುವೆ ಎರಡು ಸಲ ಉಸಿರು ಎಳೆದುಕೊಂಡರು. ಅವಳು ಅರ್ಜಿಯನ್ನು ಮಡಚಿದಳು. ನನಗೂ ಹಾಗೇ ಅನ್ನಿಸ್ತಿತ್ತು ಅಪ್ಪಾ, ಶಾಲೆಯಲ್ಲೂ ಪರೀಕ್ಷೆಗೆ ಕೂತರೆ ನನ್ನ ಕೈ ನಡುಗುತ್ತಿತ್ತು ಎಂದಳು. ಕೆಳಗೆ ಅಂಗಡಿಗೆ ಹೋಗಿ ಬರುತ್ತೇನೆಂದು ಎದ್ದು ಹೋದಳು.

ಅವಳ ಕೈ ಎಂದೂ ನಡುಗಿದ್ದನ್ನು ನಾನು ಕಂಡಿಲ್ಲ. ಅಪ್ಪನಿಂದ ಕೇಳಿ ಕೇಳಿ ಬಂದದ್ದು ಅದು.

ನಾನು ಮಂಚದ ಪಕ್ಕ ನೆಲದ ಮೇಲೆ ಕೂತೆ.

“ರೀ, ನೀವು ಅವತ್ತು ಹೆದರಿರ್ಲಿಲ್ಲ.”

“ಯಾವತ್ತು?”

“ಪರೀಕ್ಷೇಲಿ. ನಾನು ಕಳೀತಿರ್ಲಿಲ್ಲ.”

ಅವರಿಗೆ ತಕ್ಷಣ ತಿಳಿಯಲಿಲ್ಲ. ನಾನು ಎಲ್ಲವನ್ನೂ ಹೇಳಿದೆ. ಮೂವತ್ತೈದು ಎಂದದ್ದು, ಆಮೇಲೆ ಬಿಟ್ಟೇಬಿಟ್ಟದ್ದು, ಆ ಹುಡುಗಿ ಕೇಳಿದಾಗ ಸುಳ್ಳು ಹೇಳಿದ್ದು. ಅವರು ಚಾವಣಿ ನೋಡುತ್ತ ಕೇಳಿಸಿಕೊಂಡರು. ಮುಗಿದ ಮೇಲೂ ಅವರ ತುಟಿ ಆಡುತ್ತಿತ್ತು, ಹೊದಿಕೆಯ ಮೇಲೆ ಬೆರಳು ಮಡಚುತ್ತಿದ್ದರು. ಲೆಕ್ಕ ಹಾಕುತ್ತಿದ್ದರು. ಆ ಕಾಗದದ ಅಂಕಿಗಳು ಅವರಿಗೆ ಹನ್ನೊಂದು ವರ್ಷದ ಮೇಲೂ ಬಾಯಿಪಾಠ ಇದ್ದವು.

“ನಲವತ್ತು ಸುಮ್ನೆ ತುಂಬಿದ್ದು” ಅಂದರು. “ಗೊತ್ತಿದ್ದದ್ದು ಅರವತ್ತು. ಅದರಲ್ಲಿ ಐದಾರು ತಪ್ಪಾಗಿರ್ಬಹುದು. ಬಾಕಿ ಬಿಟ್ಟಿದ್ರೆ ಐವತ್ತರ ಮೇಲೆ ಬರ್ತಿತ್ತು.”

ನಾನು ಹೂಂ ಎಂದೆ. ಆ ಲೆಕ್ಕವನ್ನು ನಾನು ಎಷ್ಟೋ ಸಲ ಹಾಕಿದ್ದೆ.

“ಕಾಗದ ಬಂದ ದಿನ ಕೇಳಿದ್ನಲ್ಲ ನಾನು.”

“ಕೇಳಿದ್ರಿ.”

“ಅವತ್ತು ಹೇಳ್ಬೇಕಿತ್ತು” ಅಂದರು.

ಬೈಯಲಿಲ್ಲ. ದನಿ ಏರಲಿಲ್ಲ. ಬೈದಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ, ಅತ್ತಾದರೂ ಅಳುತ್ತಿದ್ದೆ. ಅವರು ಕಣ್ಣು ಮುಚ್ಚಿಕೊಂಡರು. ಮಗಳು ಮೇಲೆ ಬಂದ ಸದ್ದಾದಾಗ ಕಣ್ಣು ಬಿಟ್ಟು, ಆ ಅರ್ಜಿ ತಾ ಎಂದರು. ಅವಳು ತಂದಳು. ಉಸಿರು ಹಿಡಿದು ಹಿಡಿದು ಎರಡೂ ಪುಟ ಓದಿ, ಸರಿ ಇದೆ, ನಾಳೆಯೇ ಕೊಟ್ಟು ಬಾ ಎಂದರು. ಅವಳು ನನ್ನ ಮುಖ ನೋಡಿದಳು.

“ನಾನು ಹೆದರಿರ್ಲಿಲ್ಲವಂತೆ ಪುಟ್ಟಿ” ಅಂದರು. “ನಿಮ್ಮಮ್ಮ ಈಗ ಹೇಳಿದ್ಲು.”

ಅಷ್ಟೇ ಹೇಳಿದರು. ಉಳಿದದ್ದನ್ನು ನಾನೇ ಆಮೇಲೆ ಅವಳಿಗೆ ಹೇಳಿದೆ. ಅವಳು ಅರ್ಜಿ ಕೊಟ್ಟಳು, ಪರೀಕ್ಷೆಯನ್ನೂ ಬರೆದಳು. ಅದಾಗುವ ಹೊತ್ತಿಗೆ ಅವರು ಇರಲಿಲ್ಲ.

ಹೇಳಿದ ಮೇಲೆ ಅವರು ಒಂಬತ್ತು ದಿನ ಇದ್ದರು. ಕೊನೆಗಾದರೂ ಹೇಳಿದೆಯಲ್ಲ, ಅದೇ ದೊಡ್ಡದು ಎಂದು ಮಗಳು ನನಗೆ ಸಮಾಧಾನ ಹೇಳುತ್ತಾಳೆ. ಅವಳು ಆ ದಿನಗಳಲ್ಲಿ ಔಷಧಿಗೆ, ತರಕಾರಿಗೆ ಎಂದು ಹೊರಗೆ ಹೋಗಿಬರುತ್ತಿದ್ದಳು. ಅದಕ್ಕೇ ನಾನು ಕಂಡದ್ದನ್ನು ಅವಳು ಕಂಡಿಲ್ಲ. ಇಪ್ಪತ್ತಮೂರು ವರ್ಷ ನನ್ನನ್ನೇ ನೀರು ಕೇಳಿದವರು ಆ ಒಂಬತ್ತು ದಿನ ನನ್ನನ್ನು ಕೇಳಲಿಲ್ಲ. ನಾನು ಲೋಟ ಹಿಡಿದರೆ ಈಗ ಬೇಡ ಎಂದು ತಲೆ ಆಡಿಸುತ್ತಿದ್ದರು. ನಾಲಿಗೆ ಒಣಗಿ ತುಟಿ ಸವರಿಕೊಳ್ಳುತ್ತಿದ್ದರು. ನಾನು ಪಕ್ಕದಲ್ಲೇ ಕೂತಿರುತ್ತಿದ್ದೆ. ಮಗಳು ಮೆಟ್ಟಿಲು ಹತ್ತುವವರೆಗೆ ಕಾಯುತ್ತಿದ್ದರು.